ನಾಲ್ಕು ವರ್ಷ ಜೊತೆಗಿದ್ದ ಬೆಕ್ಕುಗಳು ಒಂದೇ ಸಂಜೆಗೆ ವೈರಿಗಳಾದರೆ

ಪ್ರಶ್ನೆ: ನಮ್ಮ ಮನೆಯಲ್ಲಿ ಎರಡು ಬೆಕ್ಕುಗಳಿವೆ. ಹೆಣ್ಣು ಬೆಳ್ಳಿಗೆ 5 ವರ್ಷ, ಗಂಡು ಕರಿಯನಿಗೆ 4. ಎರಡಕ್ಕೂ ಮರಿಯಾಗದಂತೆ ಆಪರೇಷನ್ ಆಗಿದೆ, ಹೊರಗೆ ಬಿಡುವುದಿಲ್ಲ. ಇಷ್ಟು ವರ್ಷ ಒಂದೇ ದಿಂಬಿನ ಮೇಲೆ ಮಲಗುತ್ತಿದ್ದವು. ಹೋದ ಗುರುವಾರ ಸಂಜೆ ಅಡುಗೆಮನೆ ಕಿಟಕಿಯಲ್ಲಿ ಕೂತಿದ್ದ ಕರಿಯ ಕಿರುಚಿಕೊಂಡು ಹಾರಿ, ಕೆಳಗೆ ಊಟ ಮಾಡುತ್ತಿದ್ದ ಬೆಳ್ಳಿಯ ಮೇಲೆ ಬಿದ್ದ. ಕೂದಲು ಹಾರಿತು, ಬೆಳ್ಳಿ ಹೆದರಿ ಅಲ್ಲೇ ಉಚ್ಚೆ ಮಾಡಿಕೊಂಡಳು. ಅದೇ ಹೊತ್ತಿಗೆ ನಮ್ಮತ್ತೆ ಹಿತ್ತಲಲ್ಲಿ ಯಾವುದೋ ಬೀದಿ ಬೆಕ್ಕನ್ನು ಓಡಿಸುತ್ತಿದ್ದರು. ರಾಜಿಯಾಗಲಿ ಎಂದು ರಾತ್ರಿ ಯಜಮಾನರು ಎರಡನ್ನೂ ಒಂದೇ ರೂಮಿಗೆ ಹಾಕಿದರು. ಮತ್ತೆ ಜಗಳ. ಬಿಡಿಸಲು ಹೋದ ಅವರ ಕೈಗೆ ಕರಿಯ ಕಚ್ಚಿದ. ಅರಿಶಿನ ಹಚ್ಚಿದೆವು. ಈಗ ಬೆಳ್ಳಿ ಬೀರುವಿನ ಮೇಲಿಂದ ಇಳಿಯುತ್ತಿಲ್ಲ. ಒಂದನ್ನು ಎಲ್ಲಾದರೂ ಬಿಟ್ಟು ಬನ್ನಿ ಎನ್ನುತ್ತಿದ್ದಾರೆ ಅತ್ತೆ. ಏನು ಮಾಡೋಣ?
— ಓದುಗರೊಬ್ಬರು, ಮೈಸೂರು

ಉತ್ತರ: ಮೊದಲು ನಿಮ್ಮ ಯಜಮಾನರ ಕೈ. ಇವತ್ತೇ ಅವರನ್ನು ವೈದ್ಯರ ಬಳಿ ಕಳಿಸಿ, ನನ್ನ ಉತ್ತರದ ಉಳಿದ ಭಾಗವನ್ನು ಆಮೇಲೆ ಓದಿದರೂ ನಡೆಯುತ್ತದೆ. ಬೆಕ್ಕಿನ ಹಲ್ಲು ಸಣ್ಣ, ಚೂಪು. ಮೇಲೆ ಚುಕ್ಕೆಯಷ್ಟೇ ಗಾಯ ಕಂಡರೂ ಬಾಯಿಯ ರೋಗಾಣುಗಳು ಬೆರಳಿನ ಕೀಲಿನವರೆಗೂ ಇಳಿದಿರಬಹುದು. ಎಷ್ಟೋ ಸಲ ಒಂದೇ ದಿನದಲ್ಲಿ ಕೈ ಕೆಂಪಾಗಿ ಊದಿಕೊಳ್ಳುತ್ತದೆ. ಕರಿಯನಿಗೆ ಪ್ರತಿ ವರ್ಷ ರೇಬಿಸ್ ಲಸಿಕೆ ಆಗಿದೆಯೇ ಎಂದು ನೀವು ಬರೆದಿಲ್ಲ. ಹೊರಗೆ ಬಿಡದ ಬೆಕ್ಕಿಗೆ ರೇಬಿಸ್ ಬರುವ ಸಂಭವ ಕಡಿಮೆ. ಆದರೆ ನಮ್ಮ ಊರುಗಳಲ್ಲಿ ಬೆಕ್ಕು ಕಚ್ಚಿದ ಗಾಯವನ್ನೂ ನಾಯಿ ಕಚ್ಚಿದ್ದಕ್ಕೆ ಕೊಡುವ ಗಂಭೀರತೆಯಿಂದಲೇ ನೋಡಬೇಕು, ಏಕೆಂದರೆ ಲಕ್ಷಣ ಕಾಣಿಸಿಕೊಂಡ ಮೇಲೆ ಆ ಕಾಯಿಲೆಗೆ ಚಿಕಿತ್ಸೆ ಇಲ್ಲ. ಸರ್ಕಾರಿ ಆಸ್ಪತ್ರೆಗಳಲ್ಲಿ ಚರ್ಮದೊಳಗೆ ಕೊಡುವ ಲಸಿಕೆ 0, 3, 7 ಮತ್ತು 28ನೇ ದಿನ ಇರುತ್ತದೆ. ಬೇಕೋ ಬೇಡವೋ ಎಂಬುದನ್ನು ವೈದ್ಯರು ಹೇಳಲಿ. ಕಚ್ಚಿದ ದಿನದಿಂದ 10 ದಿನ ಕರಿಯನ ಆರೋಗ್ಯ ಹೇಗಿದೆ ಎಂಬುದೂ ಅವರಿಗೆ ಬೇಕಾಗುವ ಮಾಹಿತಿ. ಮುಂದೆ ಯಾವತ್ತಾದರೂ ಕಚ್ಚಿದರೆ ಅರಿಶಿನ, ಸುಣ್ಣ ಏನೂ ಬೇಡ. ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆಯಿರಿ, ಸೀದಾ ಆಸ್ಪತ್ರೆಗೆ ಹೋಗಿ.

ಇನ್ನು ಬೆಕ್ಕುಗಳ ಮೈ. ಬೆಳ್ಳಿಯ ಬಾಲದ ಬುಡ, ತೊಡೆ, ಕುತ್ತಿಗೆಯನ್ನು ಮೆಲ್ಲಗೆ ಮುಟ್ಟಿ ನೋಡಿ. ಓಡಿಹೋಗುವ ಬೆಕ್ಕಿಗೆ ಗಾಯವಾಗುವುದು ಹೆಚ್ಚಾಗಿ ಹಿಂಭಾಗದಲ್ಲೇ. ಮೇಲಿನ ಚರ್ಮ ಬೇಗ ಕೂಡಿಕೊಂಡು, ನಾಲ್ಕೈದು ದಿನದಲ್ಲಿ ಒಳಗೆ ಕೀವು ತುಂಬುತ್ತದೆ. ಅವಳು ಕೆಳಗೆ ಇಳಿಯದಿರುವುದಕ್ಕೆ ಭಯವೇ ಕಾರಣವಿರಬಹುದು, ಜ್ವರವೂ ಇರಬಹುದು. ಕರಿಯನನ್ನೂ ಪಶುವೈದ್ಯರಿಗೆ ತೋರಿಸಿ. ಹಲ್ಲುನೋವು, ಕೀಲುನೋವು ಇರುವ ಬೆಕ್ಕು ಸಣ್ಣ ಕಾರಣಕ್ಕೂ ಮೇಲೆ ಬೀಳುತ್ತದೆ. ಅವನು ಪದೇ ಪದೇ ಮಲಮೂತ್ರಕ್ಕೆ ಇಟ್ಟ ಟ್ರೇಗೆ ಹೋಗಿ ಮುಕ್ಕರಿದು, ಹನಿಯೂ ಬಾರದೆ ಎದ್ದು ಬರುತ್ತಿದ್ದರೆ ಅದು ತುರ್ತು ಪರಿಸ್ಥಿತಿ. ಗಂಡು ಬೆಕ್ಕಿಗೆ ಮೂತ್ರ ಕಟ್ಟಿದರೆ ಎರಡು ಮೂರು ದಿನದಲ್ಲಿ ಪ್ರಾಣವೇ ಹೋಗುತ್ತದೆ, ಅರ್ಧರಾತ್ರಿಯಾದರೂ ಕರೆದುಕೊಂಡು ಹೋಗಬೇಕು. ನೋವಿದೆಯೇನೋ ಎಂದು ಮನೆಯಲ್ಲಿರುವ ಪ್ಯಾರಾಸಿಟಮಾಲ್ ಮಾತ್ರ ಕೊಡಬೇಡಿ. ಅದು ಬೆಕ್ಕಿಗೆ ವಿಷ.

ಮೈಯಲ್ಲಿ ಏನೂ ತೊಂದರೆ ಇಲ್ಲವೆಂದಾದರೆ, ಕಾರಣ ನಿಮ್ಮ ಪತ್ರದಲ್ಲೇ ಇದೆ. ಹಿತ್ತಲಲ್ಲಿ ಬೀದಿ ಬೆಕ್ಕು ಕರಿಯನ ಕಣ್ಣಿಗೆ ಬಿತ್ತು. ತನ್ನ ಜಾಗಕ್ಕೆ ಬೇರೆಯವನು ಬಂದ ಸಿಟ್ಟು, ಅದರ ಮೇಲೆ ಅತ್ತೆಯವರ ಗದ್ದಲ. ಆ ಬೆಕ್ಕಿಗೂ ಅವನಿಗೂ ನಡುವೆ ಕಿಟಕಿ. ಅತ್ತ ಹಾರಲಾರದ ಕರಿಯ ಪಕ್ಕದಲ್ಲಿ ಸಿಕ್ಕಿದವರ ಮೇಲೆ ಹಾರಿದ. ಆ ಹೊತ್ತಿಗೆ ಅಲ್ಲಿ ನೀವು ನಿಂತಿದ್ದರೆ ನಿಮ್ಮ ಕಾಲಿಗೇ ಬೀಳುತ್ತಿದ್ದ. ಬೆಳ್ಳಿಯ ಮೇಲೆ ಅವನಿಗೆ ದ್ವೇಷವಿಲ್ಲ, ಇದನ್ನು ದಯವಿಟ್ಟು ಅತ್ತೆಯವರಿಗೂ ಹೇಳಿ. ದೀಪಾವಳಿಯ ಪಟಾಕಿ, ಬಿದ್ದ ಪಾತ್ರೆಯ ಸದ್ದು, ಹೊಸ ನಾಯಿ ಮನೆಗೆ ಬಂದದ್ದು, ಯಾವುದರಿಂದಲೂ ಹೀಗಾಗಬಹುದು. ಮನೆಯವರು ಕಾರಣ ಹುಡುಕುವುದು ಬೆಕ್ಕುಗಳ ನಡುವೆ, ಕಾರಣ ಇರುವುದು ಕಿಟಕಿಯ ಆಚೆ.

ತೊಂದರೆ ಮುಂದುವರಿಯುವುದು ಆಮೇಲಿನ ಗಂಟೆಗಳಿಂದ. ಕೆರಳಿದ ಬೆಕ್ಕು ಶಾಂತವಾಗಲು ಕೆಲವು ಗಂಟೆ ಬೇಕು, ಒಮ್ಮೊಮ್ಮೆ ಒಂದೆರಡು ದಿನವೂ ಹಿಡಿಯುತ್ತದೆ. ಅಷ್ಟರಲ್ಲಿ ಮತ್ತೆ ಎದುರುಬದುರಾದರೆ ಕರಿಯನಿಗೆ ಬೆಳ್ಳಿಯ ರೂಪವೇ ಆ ಸಂಜೆಯನ್ನು ನೆನಪಿಸುತ್ತದೆ. ಬೆಳ್ಳಿ ಅವನನ್ನು ಕಂಡು ಬುಸುಗುಟ್ಟಿ ಓಡುತ್ತಾಳೆ, ಓಡುವುದನ್ನು ಕಂಡು ಇವನು ಅಟ್ಟುತ್ತಾನೆ. ಒಂದೇ ರೂಮಿಗೆ ಹಾಕಿದ ರಾತ್ರಿ ಆದದ್ದು ಇದೇ. ಆದ್ದರಿಂದ ಇವತ್ತಿನಿಂದ ಬೇರೆ ಬೇರೆ ರೂಮು, ಬಾಗಿಲು ಪೂರ್ತಿ ಮುಚ್ಚಿರಲಿ. ಎರಡಕ್ಕೂ ಬೇರೆ ಟ್ರೇ, ಬೇರೆ ನೀರು, ಬೇರೆ ತಟ್ಟೆ. ಇದು ಶಿಕ್ಷೆ ಅಲ್ಲ, ಇದೇ ಚಿಕಿತ್ಸೆ. ನೀವು ಹೋಗಿ ಸ್ವಲ್ಪ ಹೊತ್ತು ಇಬ್ಬರ ಬಳಿಯೂ ಕೂತು ಬನ್ನಿ.

ಕರಿಯ ಹೊಟ್ಟೆ ತುಂಬ ತಿಂದು, ಮೈ ಚಾಚಿ ಮಲಗುವಂತಾದ ಮೇಲೆ ವಾಸನೆಯ ಕೆಲಸ ಶುರು ಮಾಡಿ. ಬೆಕ್ಕು ತನ್ನವರನ್ನು ಗುರುತಿಸುವುದರಲ್ಲಿ ಕಣ್ಣಿಗಿಂತ ಮೂಗು ದೊಡ್ಡದು. ಜೊತೆಗಿರುವ ಬೆಕ್ಕುಗಳು ಕೆನ್ನೆಗೆ ಕೆನ್ನೆ, ಮೈಗೆ ಮೈ ಉಜ್ಜಿ ಎಲ್ಲರಿಗೂ ಒಂದೇ ವಾಸನೆ ಮಾಡಿಕೊಂಡಿರುತ್ತವೆ. ಹಳೆಯ ಪಂಚೆಯ ಎರಡು ತುಂಡು ತಗೊಂಡು, ಒಂದರಿಂದ ಬೆಳ್ಳಿಯ ಕೆನ್ನೆ, ಇನ್ನೊಂದರಿಂದ ಕರಿಯನ ಕೆನ್ನೆ ಸವರಿ. ಅವಳ ಬಟ್ಟೆಯನ್ನು ಅವನ ತಟ್ಟೆಯ ಹತ್ತಿರ, ಅವನದನ್ನು ಅವಳ ತಟ್ಟೆಯ ಹತ್ತಿರ ಇಡಿ. ಮೂಸಿ ಬುಸುಗುಟ್ಟಿದರೆ ಬಟ್ಟೆ ದೂರ ಸರಿಸಿ. ಮೂಸಿ ಸುಮ್ಮನೆ ತಿಂದರೆ ಆ ಹಂತ ದಾಟಿತು ಎಂದರ್ಥ. ದಿನಕ್ಕೊಮ್ಮೆ ರೂಮುಗಳನ್ನೂ ಅದಲುಬದಲು ಮಾಡಿ. ನೆಲಕ್ಕೆ ಫಿನಾಯಿಲ್ ಹಾಕುವುದನ್ನು ನಿಲ್ಲಿಸಿ. ಫಿನಾಲ್ ಸೇರಿದ ದ್ರಾವಣಗಳು ಬೆಕ್ಕಿನ ಮೈಗೆ ವಿಷ, ಜೊತೆಗೆ ಬೆಕ್ಕುಗಳ ವಾಸನೆಯನ್ನೆಲ್ಲ ಅಳಿಸಿಬಿಡುತ್ತವೆ.

ಮುಂದಿನದು ಮುಚ್ಚಿದ ಬಾಗಿಲಿನ ಎರಡೂ ಕಡೆ ಊಟ. ಮೊದಲು ಬಾಗಿಲಿನಿಂದ ದೂರ, ದಿನದಿನಕ್ಕೂ ಸ್ವಲ್ಪ ಹತ್ತಿರ. ಬೇಯಿಸಿದ ಕೋಳಿಯೋ ಮೀನೋ, ಯಾವುದು ಪ್ರಾಣವೋ ಅದನ್ನು ಈ ಹೊತ್ತಿಗೆ ಮಾತ್ರ ಕೊಡಿ. ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಹಾಕದ್ದಿರಬೇಕು. ಅದು ಸಲೀಸಾದರೆ ಬಾಗಿಲನ್ನು ಎರಡು ಬೆರಳಿನಷ್ಟು ತೆರೆದು, ಹೆಚ್ಚು ತೆರೆಯದಂತೆ ಕಟ್ಟಿಡಿ. ನಿಮ್ಮ ಮನೆಗೆ ಸೊಳ್ಳೆ ಜಾಲರಿಯ ಬಾಗಿಲಿದ್ದರೆ ಇನ್ನೂ ಒಳ್ಳೆಯದು. ಈಗ ನೋಡಬೇಕಾದದ್ದು ಕಣ್ಣು. ರೆಪ್ಪೆ ಮಿಟುಕಿಸದೆ ದಿಟ್ಟಿಸಿ, ಬಾಲದ ತುದಿ ಪಟಪಟ ಬಡಿಯತೊಡಗಿದರೆ ಅಂದಿನ ಭೇಟಿ ಅಲ್ಲಿಗೇ ಮುಗಿಸಿ. ಒಬ್ಬರನ್ನೊಬ್ಬರು ಕಂಡೂ ತಟ್ಟೆಗೆ ಬಾಯಿ ಹಾಕಿದರೆ ಗೆದ್ದಿರಿ. ಕೊನೆಗೆ ಒಂದೇ ಕೋಣೆಯಲ್ಲಿ, ನೀವು ಎದುರಿಗಿದ್ದಾಗ ಮಾತ್ರ, ಮೊದಲು ಕೆಲವೇ ನಿಮಿಷ. ಕೈಯಲ್ಲಿ ದೊಡ್ಡ ರಟ್ಟು ಇರಲಿ. ಬಿಗುವಾದರೆ ಅದನ್ನು ನಡುವೆ ಇಳಿಸಿ, ಕೈ ಹಾಕಬೇಡಿ. ಬೈಯುವುದು, ನೀರೆರಚುವುದು ಬೇಡ, ಪೆಟ್ಟಂತೂ ಬೇಡವೇ ಬೇಡ. ಇದಕ್ಕೆಲ್ಲ ಎದುರಿಗಿರುವ ಬೆಕ್ಕೇ ಕಾರಣವೆಂದು ಪೆಟ್ಟು ತಿಂದ ಬೆಕ್ಕು ಲೆಕ್ಕ ಹಾಕುತ್ತದೆ.

ಎಷ್ಟು ದಿನ? ಒಂದೇ ಜಗಳವಾಗಿದ್ದರೆ ಕೆಲವು ದಿನದಲ್ಲಿ ಮುಗಿಯುತ್ತಿತ್ತು. ನಿಮ್ಮಲ್ಲಿ ಎರಡಾಗಿದೆ, ವಾರಗಳೆಂದು ಲೆಕ್ಕ ಹಾಕಿಕೊಳ್ಳಿ. ಹಂತ ಕೆಟ್ಟರೆ ಹಿಂದಿನ ಹಂತಕ್ಕೆ ಹೋಗಿ, ಅದರಲ್ಲಿ ಸೋಲೇನಿಲ್ಲ. ತಿಂಗಳಾದರೂ ಸರಿಹೋಗದಿದ್ದರೆ ಭಯ ತಗ್ಗಿಸುವ ಔಷಧಿಗಳಿವೆ, ಪಶುವೈದ್ಯರು ಬರೆದುಕೊಟ್ಟರೆ ಮಾತ್ರ.

ಈ ನಡುವೆ ಅಡುಗೆಮನೆ ಕಿಟಕಿಯ ಕೆಳಗಿನ ಗಾಜಿಗೆ ಕಾಗದ ಅಂಟಿಸಿ. ಹಿತ್ತಲಿಗೆ ಎಂಜಲು, ಮೀನಿನ ಮುಳ್ಳು ಎಸೆಯುವ ಅಭ್ಯಾಸವಿದ್ದರೆ ನಿಲ್ಲಿಸಿ. ಆ ಬೀದಿ ಬೆಕ್ಕು ಗಂಡಾಗಿದ್ದು, ಆಪರೇಷನ್ ಮಾಡಿಸುವುದು ಸಾಧ್ಯವಾದರೆ ಅದರಷ್ಟು ಒಳ್ಳೆಯ ಕೆಲಸ ಬೇರೆ ಇಲ್ಲ. ಓಡಿಸಿದರೆ ನಾಳೆ ಮತ್ತೆ ಬರುತ್ತದೆ. ಎರಡು ಬೆಕ್ಕಿಗೆ ಮೂರು ಟ್ರೇ ಇರಲಿ, ಒಂದೇ ಮೂಲೆಯಲ್ಲಿ ಸಾಲಾಗಿ ಅಲ್ಲ. ಒಂದು ಬೆಕ್ಕು ಓಣಿಯಲ್ಲಿ ಅಡ್ಡ ಮಲಗಿ ಇನ್ನೊಂದನ್ನು ಟ್ರೇಗೆ ಬಿಡದಿರುವುದೂ ಜಗಳವೇ, ಸದ್ದಿಲ್ಲದ ಜಗಳ. ಬೆಳ್ಳಿಗೆ ಬೀರುವಿನ ಮೇಲಿನ ಜಾಗ ಬಿಟ್ಟುಕೊಡಿ, ಅಲ್ಲೊಂದು ಹಳೆಯ ಸೀರೆ ಹಾಸಿ.

ಬಿಟ್ಟು ಬರುವ ಮಾತಿಗೆ ನನ್ನ ಉತ್ತರ, ಬೇಡ. ಮನೆಯಲ್ಲೇ ಬೆಳೆದ ಬೆಕ್ಕಿಗೆ ಬೀದಿಯಲ್ಲಿ ಬದುಕಲು ಬರುವುದಿಲ್ಲ. ಸಾಕಿದ ಪ್ರಾಣಿಯನ್ನು ಹಸಿವು ಬಾಯಾರಿಕೆಗೆ ತಳ್ಳಿ ಬಿಟ್ಟು ಬರುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧವೂ ಹೌದು. ಎಲ್ಲ ಪ್ರಯತ್ನದ ಮೇಲೂ ಹೊಂದದಿದ್ದರೆ ಒಂದಕ್ಕೆ ಒಳ್ಳೆಯ ಮನೆ ಹುಡುಕಬಹುದು. ಆ ಮಾತಿಗೆ ಇನ್ನೂ ಬಹಳ ಸಮಯವಿದೆ.

ಪ್ರಶ್ನೆ: ಮರಿ ಹಾಕದಂತೆ ಆಪರೇಷನ್ ಮಾಡಿಸಿ ಕರೆತಂದ ನಮ್ಮ ಬೆಕ್ಕನ್ನು ಅದರ ತಾಯಿಯೇ ಮನೆಯೊಳಗೆ ಬಿಟ್ಟುಕೊಳ್ಳುತ್ತಿಲ್ಲ. ಮಗಳೇ ಅಲ್ಲವೆನ್ನುವಂತೆ ಗುರುಗುಟ್ಟುತ್ತದೆ. ಯಾಕೆ ಹೀಗೆ?
— ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಮಗಳ ಮೈಗೆ ಈಗ ಆಸ್ಪತ್ರೆಯ ವಾಸನೆ, ಅರಿವಳಿಕೆಯ ಮಂಪರಿನಿಂದ ನಡಿಗೆಯೂ ಬೇರೆ. ತಾಯಿಗೆ ಅವಳು ಅಪರಿಚಿತಳು. ಹೊಲಿಗೆ ಮಾಯುವವರೆಗೆ ಹೇಗೂ ಹಾರದಂತೆ ಬೇರೆ ರೂಮಿನಲ್ಲೇ ಇಡಬೇಕಲ್ಲ, ಹಾಗೇ ಇಡಿ. ಸ್ನಾನ ಮಾಡಿಸಬೇಡಿ. ತಾಯಿ ಮಲಗುವ ಬಟ್ಟೆಯನ್ನು ಮಗಳಿಗೆ ಹಾಸಿ, ಮೇಲೆ ಹೇಳಿದ ಹಾಗೆ ಬಾಗಿಲ ಆಚೀಚೆ ಊಟ ಹಾಕಿ. ಹೊಡೆದಾಟ ಆಗಿಲ್ಲವಾದ್ದರಿಂದ ಬೇಗ ಸರಿಹೋಗುತ್ತದೆ. ಮುಂದಿನ ಸಲ ಲಸಿಕೆಗೆ ಹೋಗುವಾಗ ಇಬ್ಬರನ್ನೂ ಒಂದೇ ದಿನ, ಬೇರೆ ಬೇರೆ ಬುಟ್ಟಿಯಲ್ಲಿ ಕರೆದೊಯ್ಯಿರಿ.