ಪ್ರತಿಕ್ರಿಯೆ: ನಾಯಿಯ ಮೇಲಿನ ಅಧ್ಯಯನ ಮನುಷ್ಯರ ಕಾಯಿಲೆಗೆ ಹೇಗೆ ಅನ್ವಯಿಸುತ್ತದೆ?

ಜಯನಗರದಿಂದ ಬರೆದಿರುವ ನೀವು, ತಾಯಿಯವರು ದಿನವೂ ತೆಗೆದುಕೊಳ್ಳುವ ಇನ್ಸುಲಿನ್ ನಾಯಿಗಳ ಅಧ್ಯಯನದಿಂದ ಸಿಕ್ಕಿತೆಂಬುದು ನಿಜವೇ, ಅವುಗಳ ದೇಹ ನಮ್ಮದಕ್ಕಿಂತ ಬೇರೆಯಲ್ಲವೇ ಎಂದು ಕೇಳಿದ್ದೀರಿ. ನಿಜ.

1889ರಲ್ಲಿ ವೈದ್ಯರಾದ ಮಿಂಕೋವ್‌ಸ್ಕಿ ಮತ್ತು ಫಾನ್ ಮೆರಿಂಗ್ ಅವರು ಕೊಬ್ಬು ಜೀರ್ಣವಾಗುವ ಬಗೆಯನ್ನು ತಿಳಿಯಲು ನಾಯಿಯೊಂದರ ಮೇದೋಜೀರಕ ಗ್ರಂಥಿಯನ್ನು ತೆಗೆದುಹಾಕಿದರು. ಆ ನಾಯಿ ಪದೇ ಪದೇ ಮೂತ್ರ ಮಾಡತೊಡಗಿತು. ಪರೀಕ್ಷಿಸಿದಾಗ ಮೂತ್ರದಲ್ಲಿ ಸಕ್ಕರೆಯಿತ್ತು. ಮಧುಮೇಹಕ್ಕೂ ಈ ಗ್ರಂಥಿಗೂ ಇರುವ ನಂಟು ಸ್ಪಷ್ಟವಾದದ್ದು ಹೀಗೆ, ಬೇರೆಯದೇನನ್ನೋ ಹುಡುಕುವಾಗ. 1921ರಲ್ಲಿ ಟೊರಾಂಟೋದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಅವರು, ಗ್ರಂಥಿಯಿಂದ ತೆಗೆದ ಸಾರವನ್ನು ಗ್ರಂಥಿ ಕಳೆದುಕೊಂಡ ನಾಯಿಗಳಿಗೆ ಚುಚ್ಚಿದಾಗ ರಕ್ತದ ಸಕ್ಕರೆ ಇಳಿಯುವುದನ್ನು ಕಂಡರು. ಆ ಸಾರದಲ್ಲಿ ಕೆಲಸ ಮಾಡಿದ್ದು ಇನ್ಸುಲಿನ್. ಅವರ ಸಹೋದ್ಯೋಗಿ ಕಾಲಿಪ್ ಅವರು ಶುದ್ಧೀಕರಿಸಿದ ಸಾರ 1922ರ ಜನವರಿಯಲ್ಲಿ 14 ವರ್ಷದ ಬಾಲಕನೊಬ್ಬನ ಜೀವ ಉಳಿಸಿತು.

ದೇಹಗಳು ಬೇರೆಯಾದರೂ ಒಳಗಿನ ವ್ಯವಸ್ಥೆ ಬಹುಮಟ್ಟಿಗೆ ಒಂದೇ. ಇನ್ಸುಲಿನ್‌ನ 51 ಅಮೈನೋ ಆಮ್ಲಗಳಲ್ಲಿ (ಪ್ರೋಟೀನನ್ನು ಕಟ್ಟುವ ಇಟ್ಟಿಗೆಗಳಲ್ಲಿ) ಹಂದಿಗೂ ನಮಗೂ ಇರುವ ವ್ಯತ್ಯಾಸ ಒಂದೇ ಒಂದು. ಆದ್ದರಿಂದಲೇ ದಶಕಗಳ ಕಾಲ ರೋಗಿಗಳು ಹಂದಿ, ದನಗಳ ಇನ್ಸುಲಿನ್‌ನಿಂದಲೇ ಬದುಕಿದರು. ಹಣ್ಣಿನ ನೊಣದಲ್ಲಿ ಕೂಡ ಇನ್ಸುಲಿನ್‌ನಂಥ ಪ್ರೋಟೀನುಗಳಿವೆ, ನಮ್ಮ ಬೆಂಗಳೂರಿನ ಪ್ರಯೋಗಾಲಯಗಳಲ್ಲೂ ಈ ನೊಣಗಳ ಅಧ್ಯಯನ ನಡೆಯುತ್ತದೆ.

ಆದರೆ ನಿಮ್ಮ ಅನುಮಾನದಲ್ಲೂ ಹುರುಳಿದೆ. ತಾನಾಗಿಯೇ ಮಧುಮೇಹ ಬರುವ ಇಲಿಗಳ ತಳಿಯೊಂದರಲ್ಲಿ ಕಾಯಿಲೆಯನ್ನು ತಡೆದ ಅನೇಕ ಚಿಕಿತ್ಸೆಗಳು ಮನುಷ್ಯರಲ್ಲಿ ಫಲ ಕೊಡಲಿಲ್ಲ. ಹಾಗಾಗಿ ಇಲಿಯಲ್ಲಿ ಗುಣ ಕಂಡಿತೆಂಬ ಸುದ್ದಿಯನ್ನು ನಂಬಿ ತಾಯಿಯವರ ಔಷಧವನ್ನು ಬದಲಿಸಬೇಡಿ. ಮನುಷ್ಯರ ಮೇಲಿನ ಪರೀಕ್ಷೆಯ ಫಲಿತಾಂಶ ಬಂದಿದೆಯೇ ಎಂದು ವೈದ್ಯರನ್ನು ಕೇಳಿ.