ಹೋಸ್ಟ್ ಹಿಡಿದಿಟ್ಟ ಯುಎಸ್‌ಬಿ ಇಮೇಜನ್ನು ಹೊರತೆಗೆಯುವ ಬಗೆ

ರಾಸ್ಪ್‌ಬೆರಿ ಪೈ ೪ ಎಂಬ ಪುಟ್ಟ ಕಂಪ್ಯೂಟರನ್ನು ಯುಎಸ್‌ಬಿ ಡಿಸ್ಕಿನಂತೆ ಸರ್ವರ್‌ಗೆ (ಅಂದರೆ ಡಿಸ್ಕನ್ನು ಬಳಸುವ ಹೋಸ್ಟ್‌ಗೆ) ಜೋಡಿಸಿದ್ದೀರಿ, ಇನ್‌ಸ್ಟಾಲರ್ ಸ್ತಬ್ಧವಾದ ಮೇಲೆ ಐಎಸ್‌ಒ (ಡಿಸ್ಕಿನ ಪೂರ್ಣ ಪ್ರತಿಯಾದ ಇಮೇಜ್ ಕಡತ) ಬದಲಿಸಲು, ಇಮೇಜಿನ ಹಾದಿಯನ್ನು ಹೇಳುವ 'ಫೈಲ್' ಎಂಬ ಸೆಟ್ಟಿಂಗ್ ಕಡತಕ್ಕೆ ಖಾಲಿ ಸಾಲು ಬರೆದರೆ 'ಡಿವೈಸ್ ಬಿಸಿ' (ಸಾಧನ ಬಳಕೆಯಲ್ಲಿದೆ) ಎಂಬ ದೋಷ ಬರುತ್ತಿದೆ ಎಂದು ಕೇಳಿದ್ದೀರಿ.

ಇದು ನಿಮ್ಮ ತಪ್ಪಲ್ಲ. ತೆಗೆಯಬಹುದಾದ ಡಿಸ್ಕನ್ನು ಯಾವುದಾದರೂ ಪ್ರೋಗ್ರಾಂ ತೆರೆದೊಡನೆ ಲಿನಕ್ಸ್ ಹೋಸ್ಟ್, ಮಾಧ್ಯಮವನ್ನು ಹೊರಬಿಡಬೇಡ ಎಂಬ ಸ್ಕಸಿ (ಡಿಸ್ಕುಗಳೊಡನೆ ಮಾತಾಡುವ ನಿಯಮಾವಳಿ) ಆದೇಶವನ್ನು ಕಳುಹಿಸುತ್ತದೆ. ಕೊನೆಯ ಬಳಕೆದಾರ ಅದನ್ನು ಮುಚ್ಚುವವರೆಗೂ ಆ ಬೀಗ ಉಳಿಯುತ್ತದೆ. ಪೈ ಕಡೆಯ ಮಾಸ್ ಸ್ಟೋರೇಜ್ ಡ್ರೈವರ್ ಅದನ್ನು ನೆನಪಿಟ್ಟುಕೊಂಡು ನಿಮ್ಮ ಕೋರಿಕೆಯನ್ನು ನಿರಾಕರಿಸುತ್ತದೆ. ಸ್ತಬ್ಧವಾದ ಹೋಸ್ಟ್ ತಾನಾಗಿ ಬೀಗ ತೆಗೆಯುವುದಿಲ್ಲ.

೨೦೨೨ರಲ್ಲಿ ಲಿನಕ್ಸ್‌ನ ತಿರುಳಾದ ಕರ್ನೆಲ್‌ಗೆ ಇದಕ್ಕೆಂದೇ 'ಫೋರ್ಸ್ಡ್_ಎಜೆಕ್ಟ್' ಎಂಬ, ಬರೆಯಲು ಮಾತ್ರ ಬರುವ ಕಡತ ಸೇರಿತು. ಪೈನ ಕಾನ್ಫಿಗ್‌ಎಫ್‌ಎಸ್‌ನಲ್ಲಿ (ಕರ್ನೆಲ್ ಸೆಟ್ಟಿಂಗ್‌ಗಳನ್ನು ಕಡತಗಳಾಗಿ ತೋರಿಸುವ ವ್ಯವಸ್ಥೆ) ನಿಮ್ಮ ಡಿಸ್ಕಿನ 'ಲನ್.೦' ಕೋಶದೊಳಗೆ ಅದನ್ನು ಹುಡುಕಿ, ರೂಟ್ (ಪೂರ್ಣ ಅಧಿಕಾರದ ಬಳಕೆದಾರ) ಆಗಿ ೧ ಎಂದು ಬರೆಯಿರಿ. ಯಾವ ಅಕ್ಷರ ಬರೆದರೂ ಬೀಗ ಕಳಚಿ ಇಮೇಜ್ ಬೇರ್ಪಡುತ್ತದೆ, ನಂತರ ಹೊಸ ಐಎಸ್‌ಒದ ಹಾದಿಯನ್ನು 'ಫೈಲ್'ಗೆ ಬರೆಯಬಹುದು. ಅದೇ ಕೋಶದ 'ರಿಮೂವಬಲ್' (ತೆಗೆಯಬಹುದಾದ ಡಿಸ್ಕ್) ಮೌಲ್ಯ ೧ ಆಗಿರಬೇಕೆಂಬುದನ್ನು ಮರೆಯಬೇಡಿ.

ಕರ್ನೆಲ್ ಹಳೆಯದಾಗಿ ಆ ಕಡತವೇ ಕಾಣದಿದ್ದರೆ, 'ಫೈಲ್-ಸ್ಟೋರೇಜ್' ಎಂಬ ಕರ್ನೆಲ್ ಥ್ರೆಡ್‌ಗೆ (ಕರ್ನೆಲ್‌ನೊಳಗಿನ ಕೆಲಸದ ಎಳೆಗೆ) ಸಿಗ್‌ಯುಎಸ್‌ಆರ್೧ ಸಂಕೇತ ಕಳುಹಿಸಿ ಬೀಗ ತೆಗೆಸುವುದು ಹಿಂದಿನ ರೂಢಿ. ಅದು ದಾಖಲೆಯಲ್ಲಿಲ್ಲದ ಉಪಾಯವಾದ್ದರಿಂದ, ಸಾಧ್ಯವಿದ್ದರೆ ಕರ್ನೆಲ್ ನವೀಕರಿಸುವುದನ್ನೇ ನಾನು ಸೂಚಿಸುತ್ತೇನೆ.

ಓದಲು ಮಾತ್ರ ಕೊಟ್ಟ ಐಎಸ್‌ಒಗೆ ಇದರಿಂದ ಹಾನಿಯಿಲ್ಲ. ಬರೆಯಬಹುದಾದ ಇಮೇಜ್ ಆಗಿದ್ದರೆ ಮಾತ್ರ, ಹೋಸ್ಟ್‌ನ ಮೆಮೊರಿಯಲ್ಲಿ ಇನ್ನೂ ಉಳಿದಿರುವ ದತ್ತಾಂಶ ನಷ್ಟವಾಗಿ ಕಡತ ವ್ಯವಸ್ಥೆಯೇ ಕೆಡಬಹುದು. ಆದ್ದರಿಂದ ಮೊದಲು ಹೋಸ್ಟ್‌ನಲ್ಲಿ ಅನ್‌ಮೌಂಟ್ ಮಾಡಲು (ಡಿಸ್ಕನ್ನು ಬಳಕೆಯಿಂದ ಬಿಡಿಸಲು) ದಯವಿಟ್ಟು ಪ್ರಯತ್ನಿಸಿ.