ಬೆಳಿಗ್ಗೆ ಪುಡಿ ಕುಡಿಯದಿದ್ದರೆ ಮೈ ಕರಗುತ್ತಾ?

ಪ್ರಶ್ನೆ: ನನಗೆ 31 ವರ್ಷ, ತೂಕ 70 ಕೆ.ಜಿ. ಊರು ಪೊನ್ನಂಪೇಟೆ ಹತ್ತಿರ. ಏಪ್ರಿಲ್‌ನ ಕೊಡವ ಕುಟುಂಬಗಳ ಹಾಕಿಗೆ ತಯಾರಾಗಲು ದಿನಕ್ಕೆ 16 ಗಂಟೆ ಉಪವಾಸ ಶುರು ಮಾಡಿದ್ದೇನೆ. ರಾತ್ರಿ 8ಕ್ಕೆ ಊಟ ಮುಗಿಸಿದರೆ ಮತ್ತೆ ತಿನ್ನೋದು ಮಧ್ಯಾಹ್ನ 12ಕ್ಕೆ. ಬೆಳಿಗ್ಗೆ ಬಿಸಿಎಎ (ಮೂರು ಅಮೈನೋ ಆಮ್ಲಗಳ) ಪುಡಿ ಕುಡಿಯದಿದ್ದರೆ ಮಾಂಸಖಂಡ ಕರಗುತ್ತೆ ಅಂತ ಜಿಮ್‌ನಲ್ಲಿ ಹೆದರಿಸುತ್ತಾರೆ. ನಿಜವೇ? ನನ್ನನ್ನು ನೋಡಿ ಅಪ್ಪನೂ ಶುರು ಮಾಡಿದ್ದಾರೆ. ಅವರಿಗೆ 66, ಸಕ್ಕರೆ ಕಾಯಿಲೆಗೆ ಮಾತ್ರೆ ತಗೊಳ್ತಾರೆ.

ಉತ್ತರ: 16 ಗಂಟೆಗೆಲ್ಲ ಮಾಂಸಖಂಡ ಕರಗಲ್ಲ. ಅದರಲ್ಲಿ ಅರ್ಧ ಹೊತ್ತು ನೀವು ನಿದ್ದೆಯಲ್ಲೇ ಇರುತ್ತೀರಿ, ಅಲ್ವಾ?

ಸ್ನಾಯುವಿನ ಪ್ರೋಟೀನ್ ಒಡೆಯುವುದು, ಮತ್ತೆ ಕಟ್ಟುವುದು ಹಗಲೂ ರಾತ್ರಿ ನಡೆಯುತ್ತದೆ. ಉಂಡಾಗ ಕಟ್ಟುವುದು ಜಾಸ್ತಿ, ಹಸಿದಾಗ ಒಡೆಯುವುದು ಜಾಸ್ತಿ. ಲಿವರ್‌ನಲ್ಲಿ ಸುಮಾರು 100 ಗ್ರಾಂ ಸಕ್ಕರೆ ದಾಸ್ತಾನಿರುತ್ತದೆ. ಬೆಳಗಾಗುವ ಹೊತ್ತಿಗೆ ಅದು ಇಳಿದಿರುತ್ತದೆ, ಮಿದುಳು ಮಾತ್ರ ಸಕ್ಕರೆ ಕೇಳುತ್ತಲೇ ಇರುತ್ತದೆ. ಆಗ ಸ್ನಾಯುವಿನಿಂದ ಅಲನಿನ್ ಎಂಬ ಅಮೈನೋ ಆಮ್ಲ (ಪ್ರೋಟೀನ್ ಕಟ್ಟುವ ಬಿಡಿಭಾಗ) ಹೊರಟು ಲಿವರ್‌ಗೆ ಹೋಗಿ ಸಕ್ಕರೆಯಾಗುತ್ತದೆ. ಇದು ಮಧ್ಯಾಹ್ನದ ಊಟದಲ್ಲಿ ತೀರುವ ಸಣ್ಣ ಕೈಸಾಲ. ಉಪವಾಸ ದಿನಗಟ್ಟಲೆ ಎಳೆದರೆ ಮಿದುಳು ಕೊಬ್ಬಿನಿಂದ ಬರುವ ಕೀಟೋನ್ ಎಂಬ ಇಂಧನಕ್ಕೆ ಹೊಂದಿಕೊಳ್ಳುತ್ತದೆ, ಸ್ನಾಯುವಿನ ಮೇಲಿನ ಹೊರೆ ಇಳಿಯುತ್ತದೆ.

ಇನ್ನು ಆ ಪುಡಿ. ದೇಹ ತಾನೇ ತಯಾರಿಸಲಾಗದ ಅಮೈನೋ ಆಮ್ಲಗಳು 9. ಬಿಸಿಎಎಯಲ್ಲಿ ಇರೋದು 3 ಮಾತ್ರ. ಅದರಲ್ಲಿರುವ ಲ್ಯೂಸಿನ್ 'ಕಟ್ಟೋಕೆ ಶುರು ಮಾಡಿ' ಅಂತ ಸ್ನಾಯುವಿಗೆ ಹೇಳುತ್ತದೆ, ಸರಿ. ಮೇಸ್ತ್ರಿ ಬಂದು ನಿಂತ, ಸಿಮೆಂಟೂ ಇದೆ. ಕಲ್ಲು, ಮರಳು ಎಲ್ಲಿ? ಉಳಿದ 6ನ್ನು ಸ್ನಾಯು ತನ್ನನ್ನೇ ಒಡೆದು ತರಬೇಕು. ತಮಾಷೆ ಏನೆಂದರೆ ಅದರಲ್ಲೂ ಕ್ಯಾಲೊರಿ ಇದೆ, ಕುಡಿದ ಮೇಲೆ ಉಪವಾಸ ಮುರಿದಂತೆಯೇ. ನಮ್ಮ ಬೆಲ್ಲದ ಕಾಫಿಯದೂ ಇದೇ ಕಥೆ. ಬರೀ ಕರಿ ಕಾಫಿ ಪರವಾಗಿಲ್ಲ. (ಕೊಡಗಿನವರಿಗೆ ಈ ಮಾತು ಹೇಳೋಕೆ ನನಗೂ ಕಷ್ಟವೇ.)

ಆ ದುಡ್ಡನ್ನು ಮೊಟ್ಟೆಗೆ ಹಾಕಿ. ಆಟಗಾರರಿಗೆ ಕೆ.ಜಿ. ತೂಕಕ್ಕೆ 1.2ರಿಂದ 1.6 ಗ್ರಾಂ ಪ್ರೋಟೀನ್ ಸಾಕು. ನಿಮ್ಮ ಲೆಕ್ಕ 84ರಿಂದ 112 ಗ್ರಾಂ. ಕಡಂಬುಟ್ಟು (ಅಕ್ಕಿ ಕಡುಬು) ಎಷ್ಟು ತಿಂದರೂ ಇದು ತುಂಬಲ್ಲ, ಜೊತೆಗಿರುವ ಪಂದಿ ಕರಿಯಿಂದಲೋ ಕೋಳಿಯಿಂದಲೋ ತುಂಬಬೇಕು. ಒಂದು ಮೊಟ್ಟೆಯಲ್ಲಿ 6 ಗ್ರಾಂ. 12ರಿಂದ 8ರೊಳಗೆ ಮೂರು ಸಲ ಹಂಚಿಕೊಂಡು ತಿನ್ನಿ. ಪ್ರಾಕ್ಟೀಸ್ ಸಂಜೆಗೆ ಇಟ್ಟುಕೊಂಡರೆ ಮುಗಿದ ಕೂಡಲೇ ಊಟ ಸಿಗುತ್ತದೆ. ಇಷ್ಟಾಗಿಯೂ ಕಡಿಮೆ ಬಿದ್ದರೆ ಒಂದು ಸ್ಕೂಪ್ ವೇ ಪ್ರೋಟೀನ್ (ಹಾಲಿನಿಂದ ತೆಗೆದ ಪ್ರೋಟೀನ್ ಪುಡಿ) ಸೇರಿಸಿ.

ನಿಮಗಿಂತ ನನಗೆ ಚಿಂತೆ ನಿಮ್ಮಪ್ಪನದು. ಅವರ ಮಾತ್ರೆ ಗ್ಲಿಮೆಪಿರೈಡ್ ಥರದ್ದಾಗಿದ್ದರೆ ಖಾಲಿ ಹೊಟ್ಟೆಯಲ್ಲಿ ಸಕ್ಕರೆ ತೀರಾ ಇಳಿಯಬಹುದು. ತೋಟದಲ್ಲಿ ಒಬ್ಬರೇ ಇದ್ದಾಗ ನಡುಕ, ಬೆವರು, ತಲೆಸುತ್ತು ಬಂದರೆ ನೋಡೋರು ಯಾರು? ಜೇಬಲ್ಲಿ ಬೆಲ್ಲದ ತುಂಡಾದರೂ ಇರಲಿ. ಜೊತೆಗೆ, ವಯಸ್ಸಾದ ಸ್ನಾಯು ಚೂರುಪಾರು ಪ್ರೋಟೀನ್‌ಗೆ ಜಗ್ಗಲ್ಲ, ಊಟಕ್ಕೆ 30 ಗ್ರಾಂ ಹತ್ತಿರ ಬೇಕು. ಅವರಿಗೆ ಉಪವಾಸ ಬೇಡ. ನಾಳೆ ಬೆಳಿಗ್ಗೆ ಅಕ್ಕಿ ರೊಟ್ಟಿ ಜೊತೆ ಎರಡು ಮೊಟ್ಟೆ ಕೊಡಿ, ಆಮೇಲೆ ಮಾತ್ರೆ ಚೀಟಿ ಹಿಡಿದು ಡಾಕ್ಟರ ಹತ್ತಿರ ಕರ್ಕೊಂಡು ಹೋಗಿ.